ಎಡಗೆನ್ನೆ ಹೇಳಿದ ಸುಳ್ಳು

ನನ್ನ ಹೆಂಡತಿಯನ್ನು ಕ್ಷೌರದವರೆಲ್ಲ ಕಲ್ಲಕ್ಕ ಎಂದೇ ಕರೆಯುವುದು. ಎದುರಿಗೂ ಕಲ್ಲಕ್ಕ, ಬೆನ್ನ ಹಿಂದೆಯೂ ಕಲ್ಲಕ್ಕ. ಮೂವತ್ತು ವರ್ಷದಿಂದ ಅವಳು ಮಾಡುತ್ತಿರುವುದು ಒಂದೇ ಕೆಲಸ: ಕ್ಷೌರದ ಕತ್ತಿಗೆ ಕೊನೆಯಲ್ಲಿ ಹಿಡಿಯುವ ನಯದ ಕಲ್ಲನ್ನು ಆರಿಸಿ ಕೊಡುವುದು. ಒರಟು ಕಲ್ಲು, ನಡುವಿನ ಕಲ್ಲು ಯಾವ ಅಂಗಡಿಯಲ್ಲಾದರೂ ಸಿಗುತ್ತವೆ, ಅವುಗಳಿಂದ ಕತ್ತಿಗೆ ಹರಿತ ಬರುತ್ತದೆ. ಆದರೆ ಆ ಹರಿತ ಚರ್ಮವನ್ನು ಕಚ್ಚದೆ ಜಾರಬೇಕಾದರೆ ಕೊನೆಯ ಕಲ್ಲು ಒಳ್ಳೆಯದಿರಬೇಕು. ಅದನ್ನು ಗುರುತಿಸಬಲ್ಲವರು ಕಡಿಮೆ. ಹಾಗೆಂದು ನಾನಿದನ್ನು ಬರೆಯುತ್ತಿರುವುದು ಅವಳನ್ನು ಹೊಗಳುವುದಕ್ಕಲ್ಲ. ಅವಳಿಗೆ ನಾನು ಮಾಡಿದ್ದನ್ನು ಒಪ್ಪಿಕೊಳ್ಳುವುದಕ್ಕೆ.

ಅವಳ ಅಪ್ಪನದು ಮೂರು ಕುರ್ಚಿಯ ಕ್ಷೌರದಂಗಡಿ. ಹತ್ತು ವರ್ಷದವಳಿದ್ದಾಗಿನಿಂದ ಹಿಂದಿನ ಕೋಣೆಯಲ್ಲಿ ಕೂತು ಅಪ್ಪನ ಕತ್ತಿಗಳನ್ನು ಮಸೆಯುತ್ತಿದ್ದಳಂತೆ. ಮದುವೆಯಾದ ಮೇಲೆ ನಮ್ಮ ಮನೆಯ ಬೀದಿ ಕಡೆಯ ಕೋಣೆಗೆ ಒಂದು ಬಾಗಿಲು ಒಡೆಸಿ ಕಲ್ಲಿನಂಗಡಿ ಮಾಡಿಕೊಂಡಳು. ನಾನು ನೀರು ಸರಬರಾಜು ಕಚೇರಿಯ ಗುಮಾಸ್ತ. ಕಲ್ಲೆಂದರೆ ಎಡವುವುದಕ್ಕೆ ಇರುವ ವಸ್ತು ಎಂದಷ್ಟೇ ನನಗೆ ಗೊತ್ತಿದ್ದದ್ದು.

ಗಣಿಯಿಂದ ಕಲ್ಲಿನ ಮೂಟೆ ಬಂದ ದಿನ ಅವಳು ಯಾರ ಮಾತಿಗೂ ಸೊಪ್ಪು ಹಾಕುವುದಿಲ್ಲ. ಒಂದೊಂದೇ ಕಲ್ಲನ್ನು ಒದ್ದೆ ಮಾಡಿ, ಅದು ಎಷ್ಟು ಬೇಗ ನೀರು ಕುಡಿಯುತ್ತದೆಂದು ನೋಡುತ್ತಾಳೆ. ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಾಳೆ. ಒಳಗೆ ಬಿರುಕಿದ್ದರೆ ಒಡಕು ಸದ್ದು ಬರುತ್ತದಂತೆ. ಕಲ್ಲಿಗೆ ಕಲ್ಲು ಉಜ್ಜಿ, ಬಂದ ಬಗ್ಗಡವನ್ನು ಬೆರಳಲ್ಲಿ ತೆಗೆದು ಮುಂದಿನ ಹಲ್ಲಿಗೆ ತಿಕ್ಕಿ ನೋಡುತ್ತಾಳೆ. ಕರಕರ ಅಂದರೆ ಆ ಕಲ್ಲು ಮೂಲೆಗೆ. "ಇವತ್ತು ನಿನಗೆ ಊಟ ಬೇಡ ಬಿಡು, ಹೊಟ್ಟೆ ತುಂಬಿರುತ್ತೆ" ಎಂದು ನಾನು ರೇಗಿಸುತ್ತಿದ್ದೆ. ಇಷ್ಟೆಲ್ಲ ದಾಟಿ ಉಳಿದ ಕಲ್ಲಿಗೆ ಕೊನೆಯ ಪರೀಕ್ಷೆ ನಡೆಯುತ್ತಿದ್ದದ್ದು ನನ್ನ ಮುಖದ ಮೇಲೆ.

ಅವಳ ಹತ್ತಿರ ಒಂದೇ ಜೊತೆಯ ಎರಡು ಕತ್ತಿ ಇದ್ದವು. ಒಂದನ್ನು ಅಪ್ಪನ ಹಳೆಯ ಕಲ್ಲಿನ ಮೇಲೆ ಮಸೆದು ನನ್ನ ಬಲಗೆನ್ನೆ ಬೋಳಿಸುವಳು. ಇನ್ನೊಂದನ್ನು ಹೊಸ ಕಲ್ಲಿನ ಮೇಲೆ ಮಸೆದು ಎಡಗೆನ್ನೆ. ಆಮೇಲೆ ಎದುರಿಗೆ ನಿಂತು "ಹೇಳಿ" ಅನ್ನುವಳು. ನನ್ನದು ಎಮ್ಮೆ ಚರ್ಮ, ಏನು ಮಾಡಿದರೂ ಕೆಂಪಾಗುವುದಿಲ್ಲ. ನಾನು ಬಾಯಿಬಿಟ್ಟು ಹೇಳಿದರೇ ಉಂಟು: ಎಳೆಯಿತು, ಕಚ್ಚಿತು, ಬಲಗಡೆಯಷ್ಟೇ ನಯ ಬಂತು, ಹೀಗೆ. ಕಚೇರಿಯಲ್ಲಿ ನನ್ನ ಮಾತನ್ನು ಜವಾನನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇಲ್ಲಿ ನಾನು ಹೂಂ ಅಂದರೆ ಕಲ್ಲು ಮಾರಾಟಕ್ಕೆ, ಊಹೂಂ ಅಂದರೆ ಮೂಲೆಗೆ. ಆ ಗತ್ತು ನನಗೆ ಹಿಡಿಸಿತ್ತು, ಸುಳ್ಳೇಕೆ ಹೇಳಲಿ.

ನಿವೃತ್ತನಾದ ವರ್ಷವೇ ನನ್ನ ಎಡಗಿವಿಯ ಕೆಳಗೆ ಒಂದು ಗಡ್ಡೆ ಎದ್ದಿತು. ಕೆಟ್ಟದ್ದಲ್ಲ, ತೆಗೆದುಬಿಡೋಣ ಎಂದರು ಡಾಕ್ಟರು. ತೆಗೆದರು. ಎಚ್ಚರವಾದಾಗ ಕಿವಿಯಿಂದ ದವಡೆಯವರೆಗೆ ಕೆನ್ನೆ ಮರಗಟ್ಟಿತ್ತು. ವರ್ಷದೊಳಗೆ ಸರಿಹೋಗಬಹುದು, ಹೋಗದೆಯೂ ಇರಬಹುದು ಅಂದರು. ಅವಳು ದಿನಾ "ಜೀವ ಬಂತಾ ರೀ?" ಎಂದು ಕೇಳುವಳು. ಬಲಗೆನ್ನೆಯಲ್ಲೇ ನೋಡು ಎಂದರೆ, "ಎರಡೂ ಕೆನ್ನೆ ಇದ್ರೇ ತಾನೆ ಹೋಲಿಸೋಕಾಗೋದು?" ಎಂದಳು. ನಾಲ್ಕು ತಿಂಗಳು ಕಾದಳು. ಪರೀಕ್ಷೆಯಾಗದ ಕಲ್ಲುಗಳಿಂದ ಕಪಾಟು ತುಂಬಿತು. ಒಂದು ದಿನ, "ಹೋಗ್ಲಿ ಬಿಡಿ, ಇನ್ಮೇಲೆ ಬೇರೆ ಯಾರನ್ನಾದ್ರೂ ಕೂರಿಸ್ಕೊಳ್ತೀನಿ" ಅಂದಳು.

ಕಚೇರಿಯಂತೂ ಮುಗಿಯಿತು, ಈಗ ಇದೂ ಇಲ್ಲವೇ?

"ಯಾರನ್ಯಾಕೆ ಕೂರಿಸ್ತೀಯ? ನಿನ್ನೆಯಿಂದ ಜೀವ ಬಂದಿದೆಯಲ್ಲ" ಎಂದುಬಿಟ್ಟೆ.

ಬಂದಿರಲಿಲ್ಲ. ಇವತ್ತಿಗೂ ಬಂದಿಲ್ಲ.

ಅಲ್ಲಿಂದ ಎರಡು ವರ್ಷ ನಾನು ಮಾಡಿದ್ದು ನಾಟಕ. ಕೆನ್ನೆ ಏನೂ ಹೇಳದ ಕಾರಣ ಅವಳ ಮುಖ ನೋಡಿ ಹೇಳುವುದನ್ನು ಕಲಿತೆ. ಕಲ್ಲು ಅವಳಿಗೆ ಮೊದಲೇ ಹಿಡಿಸಿದಂತಿದ್ದರೆ "ಚೆನ್ನಾಗಿದೆ". ಹುಬ್ಬು ಗಂಟಾಗಿದ್ದರೆ "ಯಾಕೋ ಕಚ್ಚುತ್ತೆ". ಅನುಮಾನ ಬಾರದಿರಲೆಂದು ನಾಲ್ಕಕ್ಕೊಂದನ್ನು ಸುಮ್ಮಸುಮ್ಮನೆ ಬೇಡವೆಂದೆ. ಒಳ್ಳೆಯ ಕಲ್ಲುಗಳೆಷ್ಟು ಹಾಗೆ ಮೂಲೆ ಸೇರಿದವೋ. "ಆಪರೇಷನ್ ಆದ್ಮೇಲೆ ನಿಮ್ಮ ಕೆನ್ನೆ ಇನ್ನೂ ಚುರುಕಾಗಿದೆ ರೀ" ಎಂದು ಅವಳೇ ಮೆಚ್ಚಿಕೊಂಡಳು. ನಾನು ಮೀಸೆ ಸವರಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಹೋದ ತಿಂಗಳು ಆಸ್ಪತ್ರೆಯ ಕ್ಷೌರದವನು ಬಂದ. ಅವನು ಹಾಸಿಗೆ ಹಿಡಿದ ಮುದುಕರಿಗೆ ಕ್ಷೌರ ಮಾಡುವವನು. ಅವರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಅದಕ್ಕೇ ಅವನು ಕಲ್ಲಕ್ಕನ ಕಲ್ಲು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ತಂದ ಕಲ್ಲನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದ.

"ಅಕ್ಕಾ, ಕಲ್ಲಿನ ಮೇಲೆ ದೂರಲ್ಲ. ಈ ಕಲ್ಲು ತಗೊಂಡ್ಹೋದಾಗಿಂದ ಎಲ್ರೂ ಉರಿ ಉರಿ ಅಂತಾರೆ. ಒಬ್ರು ತಾತ ಇದ್ದಾರೆ, ಮಾತು ನಿಂತ್ಹೋಗಿದೆ ಅವ್ರಿಗೆ. ನನ್ನ ಕಂಡ್ರೆ ಮುಖ ಗೋಡೆ ಕಡೆ ತಿರುಗಿಸ್ಕೋತಾರೆ."

"ಕಲ್ಲನ್ನೇ ಕೇಳೋಣ ಇರಪ್ಪ" ಎಂದು ಅವಳು ಕತ್ತಿ ತೆಗೆದುಕೊಂಡಳು. ಆ ಕಲ್ಲಿನ ಮೇಲೆ ನಿಧಾನವಾಗಿ ಮಸೆದಳು, ಚರ್ಮದ ಪಟ್ಟಿಯ ಮೇಲೆ ಎಳೆದಳು. ನನ್ನನ್ನು ಕೂರಿಸಿ, ಉರಿಯುತ್ತದೋ ಇಲ್ಲವೋ ತಿಳಿದರೆ ಸಾಕೆಂದು ಈ ಸಲ ಬಲಗೆನ್ನೆಯ ಗೊಡವೆಗೆ ಹೋಗದೆ ಎಡಗೆನ್ನೆಯನ್ನಷ್ಟೇ ಬೋಳಿಸಿದಳು.

"ಹೇಳಿ."

ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಆಗ ಹೇಳಬಹುದಿತ್ತು. ಒಂದೇ ಒಂದು ಮಾತು. ಪರರ ಎದುರಿಗೆ ಹೇಗೆ ಹೇಳಲಿ ಎಂದು ನಾಲಿಗೆ ಹೊರಳಲಿಲ್ಲ.

"ಚೆನ್ನಾಗಿದೆ" ಅಂದೆ.

ಅವಳು ಕತ್ತಿ ಒರೆಸಿದಳು. "ಕಲ್ಲಲ್ಲಿ ತಪ್ಪಿಲ್ಲಪ್ಪ. ನಿನ್ನ ಕೈ ಒಂಚೂರು ಭಾರ ಆಗಿದೆಯೇನೋ" ಎಂದಳು, ನೋಯಿಸಬಾರದೆಂದು ಮೆಲ್ಲಗೆ.

ಅವನು ಎರಡೂ ಕೈ ಎತ್ತಿ ನೋಡಿಕೊಂಡ. "ಇರ್ಬೋದು ಅಕ್ಕಾ. ವಯಸ್ಸಾಯ್ತಲ್ಲ. ನಾಳೆ ಹೋಗಿ ಹೇಳ್ಬಿಡ್ತೀನಿ, ಬೇರೆಯವ್ರನ್ನ ನೋಡ್ಕೊಳ್ಳಿ ಅಂತ." ನನ್ನ ಕಡೆ ತಿರುಗಿ, "ಬರ್ತೀನಿ ಭಾವ" ಎಂದ. ಕಲ್ಲನ್ನು ತೆಗೆದುಕೊಳ್ಳಲೇ ಇಲ್ಲ. ನಂಗಿನ್ಯಾಕೆ ಬಿಡಿ ಅಂದ.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮಧ್ಯಾಹ್ನದ ಊಟ ಮುಗಿಯಿತು. ಅವಳು ಪಾತ್ರೆ ತೊಳೆಯಲು ಹೋದಾಗ ಅಂಗಡಿಗೆ ಬಂದು, ಅದೇ ಕತ್ತಿ ಹಿಡಿದು, ನೊರೆ ಹಚ್ಚಿ ಬಲಗೆನ್ನೆಯ ಮೇಲೆ ನಾನೇ ಎಳೆದುಕೊಂಡೆ. ಮೂರು ಎಳೆತಕ್ಕೆ ಕಣ್ಣಲ್ಲಿ ನೀರು ಬಂತು. ಖಾರ ಹಚ್ಚಿದ ಹಾಗೆ ಉರಿ. ನನ್ನ ಎಮ್ಮೆ ಚರ್ಮಕ್ಕೇ ಹೀಗಾದರೆ ಆ ಮಾತು ನಿಂತ ತಾತನಿಗೆ ಹೇಗಾಗಿರಬೇಡ? ಅರ್ಧ ಮುಖದಲ್ಲಿ ನೊರೆ ಇಟ್ಟುಕೊಂಡೇ ಅಡುಗೆಮನೆಗೆ ಹೋದೆ.

"ಆ ಕಲ್ಲು ಕಚ್ಚುತ್ತೆ ಕಣೇ."

"ಬೆಳಿಗ್ಗೆ ಚೆನ್ನಾಗಿದೆ ಅಂದ್ರಿ?"

"ಎಡಗೆನ್ನೆಗೆ ಜೀವ ಬಂದಿಲ್ಲ. ಬಂದೇ ಇಲ್ಲ. ಎರಡು ವರ್ಷದಿಂದ ನಾನು ಹೇಳಿದ್ದೆಲ್ಲ ಸುಳ್ಳು."

ಅವಳು ಕೂಗಾಡಲಿಲ್ಲ. ಕೈ ಒರೆಸಿಕೊಂಡು ನೇರ ಫೋನಿನ ಹತ್ತಿರ ಹೋದಳು. "ಆಸ್ಪತ್ರೆಗೆ ಏನೂ ಹೇಳೋಕೆ ಹೋಗ್ಬೇಡಪ್ಪ. ನಿನ್ನ ಕೈ ಸರಿಯಾಗಿದೆ. ಕೆಟ್ಟಿದ್ದು ನನ್ನ ಕಲ್ಲು" ಎಂದಳು. ತಪ್ಪು ನನ್ನ ಗಂಡನದು ಎನ್ನಲಿಲ್ಲ. ಅಲ್ಲಿಂದ ಸಂಜೆಯವರೆಗೆ ಒಬ್ಬೊಬ್ಬರಿಗೇ ಫೋನು ಮಾಡಿದಳು. ಎರಡು ವರ್ಷದಲ್ಲಿ ಕಲ್ಲು ಒಯ್ದವರೆಲ್ಲ ವಾಪಸು ತರಬೇಕು, ಮತ್ತೆ ನೋಡಿ ಕೊಡುತ್ತೇನೆ, ತಪ್ಪಾಯಿತು. ಮೂವತ್ತು ವರ್ಷ ಯಾರಿಂದಲೂ ಒಂದು ದೂರು ಕೇಳದವಳು ಅವತ್ತು ಇಪ್ಪತ್ತಮೂರು ಜನಕ್ಕೆ ತಪ್ಪಾಯಿತು ಅಂದಳು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಎಣಿಸುತ್ತಿದ್ದೆ.

ಕೊನೆಗೆ ತಡೆಯಲಾಗದೆ, "ಬೈದಾದ್ರೂ ಬೈಯೇ. ಎರಡು ಬಾರಿಸು ಬೇಕಾದ್ರೆ" ಎಂದೆ.

"ಕಲ್ಲು ಬಿಡಿ, ವಾಪಸ್ ಬರ್ತವೆ." ಅವಳು ನನ್ನನ್ನು ನೋಡದೆ ಹೇಳಿದಳು. "ಬೆಳಿಗ್ಗೆ ಬೆಳಿಗ್ಗೆ ನಿಮ್ಮ ಕೆನ್ನೆ ಮೇಲೆ ಕೈಯಿಟ್ಟು ಎಬ್ಬಿಸ್ತೀನಲ್ಲ. ಅದೂ ಗೊತ್ತಾಗ್ತಿರ್ಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ.

"ನಗ್ತಿದ್ರಿ ನೀವು. ಕಣ್ಣು ಮುಚ್ಕೊಂಡೇ ನಗ್ತಿದ್ರಿ."

"ನಿನ್ನ ಕೈಯಿಂದ ಒದ್ದೆ ಕಲ್ಲಿನ ವಾಸನೆ ಬರ್ತಿತ್ತು" ಎಂದೆ. "ಕೈ ಬಂದಿದೆ ಅಂತ ಅದ್ರಿಂದ ತಿಳ್ಕೊಳ್ತಿದ್ದೆ."

ಅವಳು ಎದ್ದು ದೀಪ ಹಾಕಲು ಹೋದಳು.

ಈಗ ಹೊಸ ಕಲ್ಲು ಬಂದರೆ ಆಸ್ಪತ್ರೆಯ ಕ್ಷೌರದವನೇ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಬಲಗೆನ್ನೆ ಅಪ್ಪನ ಕಲ್ಲಿಗೆ, ಎಡಗೆನ್ನೆ ಹೊಸದಕ್ಕೆ. ನಾನು ನೀರು ತಂದಿಡುತ್ತೇನೆ. ನನ್ನ ಮೇಲೆ ಅವಳಿಗೆ ಮುನಿಸಿಲ್ಲ. ಊಟಕ್ಕೆ ಕರೆಯುತ್ತಾಳೆ, ಹಾಸ್ಯವನ್ನೂ ಮಾಡುತ್ತಾಳೆ. ಬೆಳಿಗ್ಗೆ ಮಾತ್ರ ಕೋಣೆಯೊಳಗೆ ಬರುವುದಿಲ್ಲ. ಬಾಗಿಲಲ್ಲೇ ನಿಂತು, "ರೀ, ಏಳು ಗಂಟೆ ಆಯ್ತು" ಎಂದು ಕೂಗುತ್ತಾಳೆ.