ಮೂಗು ಸವೆದ ರಾಣಿ

ಸೊಲ್ಲಾಪುರದ ನವಿ ಪೇಠದಲ್ಲಿ ಹಳೆ ಬೆಳ್ಳಿ ಕೊಳ್ಳುವ ರಾಚಪ್ಪನ ಅಂಗಡಿಗೆ ಜನ ಬೆಲೆ ಕೇಳಲು ಅರ್ಧ, ಬೈಸಿಕೊಳ್ಳಲು ಅರ್ಧ ಬರುತ್ತಿದ್ದರು. ಬ್ರಿಟಿಷರ ಕಾಲದ ರಾಣಿ ಛಾಪಿನ ಬೆಳ್ಳಿ ರೂಪಾಯಿ ಸಿಕ್ಕರೆ ಭೂತಗನ್ನಡಿ ಹಿಡಿದು ಮೊದಲು ಕಿರೀಟದ ಮುತ್ತು, ಆಮೇಲೆ ಕಿವಿಯ ಮೇಲಿನ ಕೂದಲು, ಕೊನೆಗೆ ಮೂಗು ನೋಡುವನು. ಗೆರೆಯೆಲ್ಲ ಎದ್ದು ಕಂಡರೆ ಅದು ‘ಮದುಮಗಳು’. ಗೆರೆ ಸವೆದು ಮುಖ ಉಳಿದಿದ್ದರೆ ಅತ್ತೆ, ಅವನ ಬಾಯಲ್ಲಿ ‘ಅತ್ತಿ’. ಮುಖವೂ ನುಣ್ಣಗಾಗಿದ್ದರೆ ‘ಮುದುಕಿ’. ಅದಕ್ಕೆ ಬರೀ ತೂಕದ ಬೆಲೆ.

೧೯೭೪ರಲ್ಲಿ ಒಂದು ದಿನ ಭಂಡಾರಕವಠೆಯ ರೈತ ಕಾಮಣ್ಣ ಥಳಥಳಿಸುವ ನಾಣ್ಯವೊಂದನ್ನು ತಂದ.

“ಏನೋ ಕಾಮಣ್ಣ, ರಾಣಿ ಮೂಗು ನೀನs ತಿಂದ್ಯೇನು?”

“ಹುಣಚಿಹಣ್ಣು ಹಚ್ಚಿ ತಿಕ್ಕೀನ್ರಿ, ಹೊಳೀಲಿ ಅಂತ.”

“ಹೊಳಪು ಬಂತು, ರಾಣಿ ಹೋದ್ಲು! ಕೈಯಿಂದ ಕೈಗೆ ತಿರುಗಿ ಸವದ್ರ ನಾ ಏನೂ ಅನ್ನಂಗಿಲ್ಲ, ಅದು ಬಾಳೇವು ಮಾಡೇತಿ. ತಿಕ್ಕಿ ಸವಸಿದವ್ರನ್ನ ಮಾತ್ರ ಬಿಡಂಗಿಲ್ಲ.”

ಈ ಉಪದೇಶ ಇಡೀ ಪೇಠಕ್ಕೆ ಬಾಯಿಪಾಠವಾಗಿತ್ತು. ಮನೆಯಲ್ಲಿ ಮಾತ್ರ ರಾಚಪ್ಪ ಅದನ್ನು ಹೇಳಿರಲಿಲ್ಲ.

ಕಾಮಣ್ಣ ಇನ್ನೂ ಕೂತಿರುವಾಗಲೇ ಪುಣೆಯ ನಾಣ್ಯಸಂಗ್ರಾಹಕನೊಬ್ಬ ಬಂದ. ತನ್ನ ಮದುವೆಯಲ್ಲಿ ಅಪ್ಪ ಕೊಟ್ಟ ರೂಪಾಯಿಯ ಬಗ್ಗೆ “ನನ್ನ ಮನ್ಯಾಗ ಅಸಲಿ ಮದುಮಗಳು ಐತಿ” ಎಂದು ರಾಚಪ್ಪ ಇಪ್ಪತ್ತೆರಡು ವರ್ಷದಿಂದ ಕೊಚ್ಚಿಕೊಂಡದ್ದು ಪುಣೆಯವರೆಗೂ ಮುಟ್ಟಿತ್ತು. ಅಂಗಡಿಯ ಹಿಂದೆಯೇ ಮನೆ. ಆ ರೂಪಾಯಿ ಇಟ್ಟಿದ್ದ ದೇವರ ಡಬ್ಬಿಯನ್ನು ಬೇರೆಯವರು ಮುಟ್ಟಬಾರದೆಂದು ಹೆಂಡತಿ ಕಸ್ತೂರಬಾಯಿ ತಾನೇ ಹೊತ್ತು ತಂದು ಮುಚ್ಚಳ ತೆಗೆದಳು.

ರೂಪಾಯಿ ಕನ್ನಡಿಯಂತೆ ಹೊಳೆಯಿತು. ರಾಣಿಗೆ ಕಿವಿಯಿಲ್ಲ, ಮೂಗಂತೂ ಇಲ್ಲವೇ ಇಲ್ಲ.

“ಪ್ರತಿ ದೀಪಾವಳಿಗೆ ಹುಣಚಿ ಹಚ್ಚಿ ಬೂದೀಲೆ ತಿಕ್ಕೀನ್ರಿ,” ಎಂದಳು ಅವಳು ಹೆಮ್ಮೆಯಿಂದ. “ಒಂದ್ ವರ್ಷಾನೂ ತಪ್ಪಿಸಿಲ್ಲ.”

ದೀಪದ ಬುಡದಲ್ಲೇ ಕತ್ತಲೆ! ಪುಣೆಯವನು ನಕ್ಕು, “ಸಾಂಗಾ ಶೇಠ, ಹೇ ಕಾಯ್?” ಎಂದು, ಇದೇನು ಹೇಳಿ ಅಂತ ಮರಾಠಿಯಲ್ಲಿ ಕೇಳಿದ. ಸುಳ್ಳೇ ಅತ್ತಿ ಎಂದರೆ ರಾಚಪ್ಪ ಇಷ್ಟು ವರ್ಷ ಗಳಿಸಿದ ಹೆಸರು ಹೋಗುತ್ತದೆ, ಮುದುಕಿ ಎಂದರೆ ನಾಲ್ಕು ಜನರೆದುರು ಹೆಂಡತಿಯ ಮಾನ ಹೋಗುತ್ತದೆ. ಭೂತಗನ್ನಡಿಯನ್ನು ಎರಡು ಸಲ ಒರೆಸಿದ.

“ಮುದುಕಿ,” ಎಂದ.

ಕಾಮಣ್ಣ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ. ಕಸ್ತೂರಬಾಯಿಯ ಮುಖ ಕೆಂಪಾಯಿತು.

“ಹಬ್ಬದ ದಿನಾನೂ ನೀವು ಅಂಗಡಿ ಗಲ್ಲೇದ ಮ್ಯಾಲೆ. ಪೂಜಿ ನಾ ಒಬ್ಬಾಕೀನs ಮಾಡೀನಿ. ಇಪ್ಪತ್ತೆರಡು ವರ್ಷದಾಗ ಒಮ್ಮೆರೆ ಒಳಗ ಬಂದು ಡಬ್ಬಿ ನೋಡಿದ್ರ ಗೊತ್ತಾಗ್ತಿರಲಿಲ್ಲೇನು?”

ಊರಿಗೆಲ್ಲ ನಾಲಗೆ ಹರಿಬಿಡುತ್ತಿದ್ದ ರಾಚಪ್ಪನಿಗೆ ರೂಪಾಯಿ ಹಾಳಾದದ್ದಕ್ಕಿಂತ ಆ ಮಾತಿಗೆ ಹೆಚ್ಚು ನಾಚಿಕೆಯಾಯಿತು.

ಆ ದೀಪಾವಳಿಗೆ ಸಂಜೆಗೂ ಮೊದಲೇ ಅಂಗಡಿ ಮುಚ್ಚಿ ಒಳಗೆ ಬಂದು ದೇವರ ಜಗಲಿಯ ಮುಂದೆ ಕೂತ. ಕಸ್ತೂರಬಾಯಿ ಅವನ ಮುಖ ನೋಡುತ್ತ ನಾಣ್ಯವನ್ನು ಒಣ ಅರಿವೆಯಿಂದ ಹೆದರಿ ಹೆದರಿ ಒರೆಸುತ್ತಿದ್ದಳು.

“ಇನ್ನೇನು ಸವೆಯೋದು ಉಳದೈತಿ? ತಾ ಇಲ್ಲೆ ಹುಣಚಿ,” ಎಂದು ನಾಣ್ಯ ಕಸಿದುಕೊಂಡು ತಾನೇ ತಿಕ್ಕತೊಡಗಿದ.

ಕಸ್ತೂರಬಾಯಿ ಬಗ್ಗಿ ನೋಡಿದಳು.

“ಮೂಗಿನ ಕಡೆ ಸಾವಕಾಶ ರೀ,” ಎಂದಳು.