ಫೌಜದಾರರ ರಿವಾಲ್ವರಿನ ಎರಡನೇ ಬಾಣ

ಪೊಲೀಸ್ ಶಸ್ತ್ರಾಗಾರದಲ್ಲಿ ಮೂವತ್ತು ವರ್ಷ ಬಂದೂಕು ರಿಪೇರಿ ಮಾಡಿ ನಿವೃತ್ತನಾದ ಮೇಲೆ ಗೋಕಾಕದ ಮನೆಯಲ್ಲಿ ಸುಮ್ಮನೆ ಕೂತಿರಬೇಕು ಅಂದುಕೊಂಡಿದ್ದೆ. ಜನ ಬಿಡಲಿಲ್ಲ. ನಮ್ಮ ಕಡೆ ಅಜ್ಜನ ಕಾಲದ ಪೊಲೀಸ್ ರಿವಾಲ್ವರನ್ನು ಲೈಸನ್ಸ್ ಸಮೇತ ಕಾಪಾಡಿಕೊಂಡು ಬಂದ ಮನೆಗಳು ಕೆಲವಿವೆ. ಅದು ಎಲ್ಲಿ ಹುಟ್ಟಿತು, ಯಾರ ಸೊಂಟದಲ್ಲಿತ್ತು ಎಂದು ತಿಳಿಯಲು ಅವರು ನನ್ನನ್ನು ಕರೆಸುತ್ತಾರೆ. ತಿಳಿಯಲು ಅನ್ನುವುದಕ್ಕಿಂತ, ತಾವು ಆಗಲೇ ನಂಬಿದ್ದನ್ನು ನನ್ನ ಬಾಯಿಂದ ಹೇಳಿಸಲು.

ಕುಲಗೋಡದ ಒಬ್ಬರು ತಮ್ಮ ರಿವಾಲ್ವರನ್ನು ಇಂಗ್ಲೆಂಡಿನ ರಾಣಿ ಖುದ್ದಾಗಿ ಕಳಿಸಿದ್ದಳು ಎಂದು ಊರಿಗೆಲ್ಲ ಹೇಳಿಕೊಂಡಿದ್ದರು. ಸಾಕ್ಷಿಗೆ ನಳಿಕೆಯ ಬುಡದಲ್ಲಿ ಕಿರೀಟದ ಗುರುತು. ಕಿರೀಟದ ಕೆಳಗೆ ಎರಡು ರಾಜದಂಡ ಅಡ್ಡಡ್ಡ ಇದ್ದರೆ ಅದು ಬರ್ಮಿಂಗ್‌ಹ್ಯಾಮಿನಲ್ಲಿ ಗುಂಡು ಹಾರಿಸಿ ಪರೀಕ್ಷಿಸಿದ ಗುರುತು, ರಾಣಿ ಮುಟ್ಟಿದ್ದಲ್ಲ ಎಂದೆ. ಅಲ್ಲಿ ನನಗೆ ಚಹಾ ಬರಲಿಲ್ಲ. ಮಮದಾಪುರದ ಮನೆಯೊಂದರಲ್ಲಿ ರಿವಾಲ್ವರಿನ ತೋಟಾಕ್ಕೆ ಬಡಿಯುವ ಸುತ್ತಿಗೆಗೆ ಹೆಬ್ಬೆರಳು ಊರುವ ಕೊಕ್ಕೆಯೇ ಇರಲಿಲ್ಲ. ಜೇಬಿಗೆ ಸಿಕ್ಕಿಕೊಳ್ಳಬಾರದೆಂದು ಕಾರ್ಖಾನೆಯವರೇ ಹಾಗೆ ಮಾಡುತ್ತಿದ್ದರು, ಅಂಥದ್ದು ಅಪರೂಪ. ಮನೆಯವರು ಅದನ್ನು ಮುರಿದದ್ದು ಎಂದು ತಿಳಿದು, ಟ್ರ್ಯಾಕ್ಟರ್ ರಿಪೇರಿಯವನಿಂದ ನಟ್ಟೊಂದನ್ನು ಬೆಸೆಸಿದ್ದರು. ಹಿಡಿಕೆಯ ತುದಿಯಲ್ಲಿದ್ದ ಬಳೆಗೆ, ಪೊಲೀಸರು ಹಗ್ಗ ಕಟ್ಟಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಆ ಬಳೆಗೆ, ಮಲ್ಲಿಗೆ ಮಾಲೆ ಕಟ್ಟಿದ್ದರು. ನನಗೆ ಸಿಟ್ಟು ಬೇಗ ಬರುತ್ತದೆ. ಆದರೂ ಅಲ್ಲಿ ಚಹಾ ಚೆನ್ನಾಗಿತ್ತು.

ಹುಕ್ಕೇರಿಯಿಂದ ಫೋನ್ ಮಾಡಿದವರು ಎಪ್ಪತ್ತೈದು ದಾಟಿದ ನಿವೃತ್ತ ಶಿಕ್ಷಕಿ. ತಂದೆ ಪೊಲೀಸ್ ಫೌಜದಾರರಾಗಿದ್ದವರು. ಘಟಪ್ರಭಾದಲ್ಲಿ ಬಸ್ಸು ಬದಲಿಸಿ ನಾನು ಮನೆ ಮುಟ್ಟುವಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದರು. ನೀರು ಕೊಡುವ ಮೊದಲೇ ಕೆಲಸದ ಮಾತು.

"ಯಾವ ದೇಶದ್ದು, ಯಾವ ಕಂಪನಿದು, ಅದೆಲ್ಲ ನನಗ ಬ್ಯಾಡ್ರಿ. ನಮ್ಮಪ್ಪ ಇದನ್ನ ಕದ್ದಾನೋ ಇಲ್ಲೋ, ಅಷ್ಟ ಹೇಳ್ರಿ."

ಏಳು ವರ್ಷದ ಹಿಂದೆ ಮೂಡಲಗಿಯಲ್ಲಿ ಅವರ ಅಣ್ಣನ ಮೊಮ್ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಬೀಗರ ಮುಂದೆ ಅಣ್ಣ ನಗುನಗುತ್ತ, ಅಪ್ಪ ರಿಟೈರಾಗುವಾಗ ಸರ್ಕಾರಿ ರಿವಾಲ್ವರನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟ ಎಂದಿದ್ದರು. ಇವರು ಹೋಳಿಗೆಯ ಎಲೆ ಬಿಟ್ಟು ಎದ್ದು ಬಂದವರು ಮತ್ತೆ ಅಣ್ಣನ ಜೊತೆ ಮಾತಾಡಿರಲಿಲ್ಲ.

"ಲೈಸನ್ಸ್ ಐತೆಲ್ಲರಿ," ಎಂದೆ.

"ಫೌಜದಾರಗ ಲೈಸನ್ಸ್ ಮಾಡಿಸಿಕೊಳ್ಳಾಕ ಏನ ತ್ರಾಸ ಅಂತ ಮಂದಿ ಮುಂದ ಅಂತಾನ್ರಿ ನಮ್ಮಣ್ಣ."

ಇವರ ಪ್ರಶ್ನೆಗೆ ಲೋಹದ ಮೇಲೆಯೇ ಉತ್ತರ ಇರಬೇಕಿತ್ತು. ಬ್ರಿಟಿಷರ ಕಾಲದ ಸರ್ಕಾರಿ ಆಯುಧದ ಮೇಲೆ ಸಣ್ಣದೊಂದು ಬಾಣ ಕೊರೆದಿರುತ್ತದೆ. ಸರ್ಕಾರವೇ ಅದನ್ನು ಮಾರಿದರೆ ಎದುರಿಗೆ ಇನ್ನೊಂದು ಬಾಣ ಹೊಡೆಯುತ್ತಾರೆ, ಮೊನೆಗೆ ಮೊನೆ ತಾಗುವ ಹಾಗೆ. ಒಂದೇ ಬಾಣ ಇದ್ದರೆ ಅದು ಇನ್ನೂ ಸರ್ಕಾರದ್ದು, ಎರಡಿದ್ದರೆ ಮಾರಿದ್ದು. ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಆ ಕಾಗದವನ್ನು ಬಹಳ ಹೊತ್ತು ನೋಡಿ, ದೇವರ ಜಗಲಿಯ ಮುಂದೆ ನಿಂತು ಕೈಮುಗಿದು, ರೇಷ್ಮೆ ಬಟ್ಟೆಯ ಗಂಟನ್ನು ತಂದಿಟ್ಟರು.

ನಾನು ನೂರಾರು ರಿವಾಲ್ವರ್ ಬಿಚ್ಚಿದವನು, ಇಂಥದ್ದನ್ನು ನೋಡಿರಲಿಲ್ಲ. ಕಾರ್ಖಾನೆಯ ಕಪ್ಪು ಬಣ್ಣದ ಸುಳಿವಿಲ್ಲ, ತೊಳೆದಿಟ್ಟ ಚರಿಗೆಯ ಹಾಗೆ ಹೊಳೆಯುತ್ತಿತ್ತು. ಗುಂಡಿನ ಚಕ್ರದ ಮೇಲೆ ವಿಭೂತಿಯ ಮೂರು ಪಟ್ಟೆ. ಚಿಲಕ ಒತ್ತಿ ನಡುವಿನ ಕೀಲಿನಲ್ಲಿ ಬಗ್ಗಿಸಿ ತೆರೆದೆ; ಹಾರಿಸಿದ ತೋಟಾಗಳನ್ನು ಹೊರದಬ್ಬುವ ನಕ್ಷತ್ರದ ತಟ್ಟೆ ಮೇಲೆದ್ದಿತು, ಆರೂ ತೂತುಗಳಿಂದ ಅಕ್ಷತೆ ನನ್ನ ತೊಡೆಯ ಮೇಲೆ ಸುರಿಯಿತು.

"ಯಾರ ತಿಕ್ಕಿದ್ರಿ ಇದನ್ನ?"

"ನಾನ್ರಿ. ಹತ್ತ ವರ್ಷದಾಕಿ ಇದ್ದಾಗಿಂದ. ಪ್ರತಿ ದಸರಿ ಖಂಡೇಪೂಜಿಗೆ ಹುಣಸಿಹಣ್ಣು, ಬೂದಿ. ಈಗೀಗ ಭಾಂಡಿ ತೊಳಿಯೂ ಪೌಡರ್ ತಂದೇನಿ, ಛಲೋ ಹೋಗತೈತಿ."

ಛಲೋ ಹೋಗಿತ್ತು. ಕಂಪನಿಯ ಹೆಸರು ಹೋಗಿತ್ತು, ನಂಬರಿನಲ್ಲಿ ಅರ್ಧ ಹೋಗಿತ್ತು. ಬೇರೆ ಮನೆಯಾಗಿದ್ದರೆ ಎದ್ದು ಬರುತ್ತಿದ್ದೆ. ಇವರು ಎದುರಿಗೆ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗಿಯ ಹಾಗೆ ಕೂತಿದ್ದರು, ಬೈಯಲು ಬಾಯಿ ಬರಲಿಲ್ಲ. ಭೂತಗನ್ನಡಿ ಹಿಡಿದೆ. ತಿಕ್ಕುವ ಬೆರಳು ಹೋಗಲಾರದ ಕೀಲಿನ ಸಂದಿಯಲ್ಲಿ ಒಂದು ಬಾಣ ಸ್ಪಷ್ಟವಾಗಿ ಉಳಿದಿತ್ತು. ಅದರ ಮೊನೆಯ ಮುಂದಿನ ಜಾಗ ಕನ್ನಡಿ. ನನ್ನ ರೆಪ್ಪೆಗೂದಲೇ ಕಾಣಿಸುತ್ತಿತ್ತು.

"ಒಂದ ಬಾಣ ಐತ್ರಿ," ಎಂದೆ.

ಅವರ ಮುಖ ಇಳಿಯಿತು. ಭೂತಗನ್ನಡಿ ಇಸಿದುಕೊಂಡು ತಾವೇ ನೋಡಿದರು. ಬೆರಳು ಆ ನುಣುಪಾದ ಜಾಗದ ಮೇಲೆ ನಿಂತಿತು.

"ಇಲ್ಲೊಂದ ಕೊಳಿ ಇತ್ರಿ. ಕರ್ರಗ, ಕಾಗಿ ಕಾಲಿನಂಗ. ಏನ ಮಾಡಿದ್ರೂ ಹೋಗತಿದ್ದಿಲ್ಲ. ಹಟ ಹಿಡದು ನಾಕೈದ ವರ್ಷ ತಿಕ್ಕಿ ತಗದೇನಿ."

ಬಾಣದ ಚಿತ್ರ ಬರೆದು ತೋರಿಸಿದ್ದು ನಾನು. ಕಾಗೆಯ ಕಾಲು ಅವರಿಗೆ ನೆನಪಾದದ್ದು ಅದಾದ ಮೇಲೆ. ಅದು ಬಾಣವಾಗಿತ್ತೋ, ಬರೀ ಕೊಳೆಯಾಗಿತ್ತೋ, ಯಾವ ಭೂತಗನ್ನಡಿಗೂ ತಿಳಿಯುವಂತಿರಲಿಲ್ಲ. ಇದನ್ನು ಹೇಗೆ ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಅವರು ಮೂಡಲಗಿಗೆ ಫೋನ್ ಹಚ್ಚಿಬಿಟ್ಟಿದ್ದರು.

"ಅಣ್ಣಾ, ಅಪ್ಪ ಕದ್ದಿಲ್ಲ. ಎರಡನೇ ಬಾಣ ಇತ್ತು. ಅಳಿಸಿದಾಕಿ ನಾನು." ಆಮೇಲೆ ಫೋನನ್ನು ನನ್ನ ಕಡೆ ಚಾಚಿ, "ನಂಬವಲ್ಲ, ನೀವ ಹೇಳ್ರಿ," ಎಂದರು.

ಆ ಕಡೆಯಿಂದ ಮುದಿ ದನಿಯೊಂದು, "ಖರೆ ಏನ್ರಿ?" ಎಂದು ಕೇಳಿತು.

"ಖರೆ ರಿ," ಎಂದೆ. ಆ ಸುಳ್ಳಿಗೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಅಣ್ಣ ನನ್ನ ಕಿವಿಯಲ್ಲೇ ತಂಗಿಯನ್ನು ಬೈಯಲು ಶುರುಮಾಡಿದರು. ಸಣ್ಣಾಕಿ ಇದ್ದಾಗಿಂದಲೂ ಇದೇ ಹಣೇಬರಹ, ಕೈಗೆ ಏನು ಕೊಟ್ಟರೂ ತಿಕ್ಕಿ ಹಾಳುಮಾಡುತ್ತೀ, ನನ್ನ ಶಾಲೆಯ ಪಾಟಿ ತಿಕ್ಕಿದೆ, ಅವ್ವನ ಕಿವಿಯ ಬುಗುಡಿ ತಿಕ್ಕಿದೆ, ಈಗ ಅಪ್ಪನ ಮರ್ಯಾದೆಯನ್ನೂ ತಿಕ್ಕಿಬಿಟ್ಟೆಯಲ್ಲ ಎಂದು ಉಸಿರು ಬಿಡದೆ ಬೈದರು. ಬೈಗುಳದ ನಡುವೆಯೇ ಫೋನನ್ನು ತಂಗಿಯ ಕೈಗೆ ಕೊಟ್ಟೆ. ಅವರು ಅದನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು, ಕಣ್ಣು ಒರೆಸಿಕೊಳ್ಳದೆ, "ಹೂಂ ಅಣ್ಣಾ, ಇನ್ನೂ ಬೈ," ಎಂದರು.