ರೂಟರಿನ ಜ್ವರ ನೋಡುತ್ತಿದ್ದವರು

ನಾಗಮಂಗಲದಲ್ಲಿದ್ದಾಗ, ರೂಟರಿನ ದೀಪ ಒಮ್ಮೆ ಮಿಟುಕಿದರೂ ಸಾಕು, ಇಂಟರ್‌ನೆಟ್ ರಿಪೇರಿಯವರಿಗೆ ಫೋನು ಮಾಡುತ್ತಿದ್ದೆ. ಅವರು ಬಂದು, ಮಗುವಿನ ಜ್ವರ ನೋಡುವಂತೆ ಪೆಟ್ಟಿಗೆಗೆ ಮುಂಗೈ ತಾಗಿಸಿ, “ಅದ್ರ ಕೆಲ್ಸ ಅದು ಮಾಡ್ತದೆ ಬುಡಿ ಸಾ” ಎನ್ನುತ್ತಿದ್ದರು. ಕಾಫಿ ಕುಡಿದು ಹೋಗುತ್ತಿದ್ದರು.

ಒಂದು ದಿನ ರೂಟರು ನಿಜಕ್ಕೂ ಕೆಟ್ಟಿತು. ಅವರು ಬಂದು ಬಿಚ್ಚಿ ನೋಡಿದರು.

“ಮೋಡೆಮ್ಮು ನೆಟ್ಟನ್ನ ಮನೆಗೆ ತರ್ತದೆ, ರೂಟರು ಮನೇಲಿರೋರ್ಗೆಲ್ಲ ಹಂಚ್ತದೆ. ನೀವು ಎಷ್ಟು ಜನ ಇದ್ದೀರಿ ಸಾ?”

“ಒಬ್ಬನೇ,” ಎಂದೆ, ತಪ್ಪೊಪ್ಪಿಕೊಳ್ಳುವವನಂತೆ.

“ಅಂಗಾರೆ ರೂಟರ್ ಯಾಕೆ? ಮೋಡೆಮ್ಮಿಂದ ಕಂಪ್ಯೂಟರ್‌ಗೆ ಒಂದು ವೈರ್ ಎಳೀತೀನಿ. ಇನ್ಮೇಲೆ ನನ್ನ ಕರಿಯೋ ತಾಪತ್ರಯನೂ ಇರಾಕಿಲ್ಲ.”

ವೈರು ಬೇಡವೆನ್ನಲು ಕಾರಣ ಹುಡುಕುತ್ತ ತೊದಲಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಚೀಲದಿಂದ ಹಳೆಯ ರೂಟರೊಂದನ್ನು ತೆಗೆದು ಜೋಡಿಸಿ, ತಮ್ಮ ಫೋನನ್ನು ನನ್ನತ್ತ ಚಾಚಿದರು.

“ಪಾಸ್‌ವರ್ಡ್ ಆಕ್ಕೊಡಿ ಸಾ. ಈಗ ಇಬ್ರಾದ್ವಲ್ಲ.”